ಪ್ರಾಥಮಿಕ ಶಾಲೆಯಲ್ಲಿ ಮಕ್ಕಳ ನಡತೆ

"ಛಡಿ ಛಂ ಛಂ, ವಿದ್ಯಾ ಘಂ ಘಂ" ಎಂಬ ಮಾತನ್ನು ನಮ್ಮ ಸೀಮೆಯಲ್ಲಿ ಕೇಳದವರು ವಿರಳ. ಛಡಿಯ ಸಪ್ಪಳವಿಲ್ಲದೆ ವಿದ್ಯೆಯ ಸುವಾಸನೆ ಹರಡದೆಂಬುದು ನಮ್ಮ ಹಿರಿಯರ ನಂಬಿಗೆಯಾಗಿದ್ದಿತು. ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರಾಗಿರುವರು. ಕೆಲವರು ತಾವೇ ಅಕ್ಕೋರಾಗಿ ಹಳ್ಳಿಯ ಶಾಲೆಗಳಲ್ಲಿ ದುಡಿಯುತ್ತಿರುವರು. ಛಡಿಯನ್ನು ಕೆಳಗಿಟ್ಟ ಮೇಲೆ ಚಿಕ್ಕ ಮಕ್ಕಳನ್ನು ಒಳ್ಳೆಯ ನಡತೆಗೆ ತರುವ ಬಗೆ ಯಾವುದು? ಈ ಪ್ರಶ್ನೆಯು ಇಬ್ಬರನ್ನೂ ಮುಟ್ಟತಕ್ಕದ್ದು. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕುಗಳ ಪ್ರಾಥಮಿಕ ಶಾಲೆಗಳನ್ನು ಕಣ್ಣ ಮುಂದಿಟ್ಟುಕೊಂಡು ಇದನ್ನು ಇಲ್ಲಿ ವಿಚಾರಿಸೋಣ.

ಹಿಂದಿನ ಗಾಂವಠಿ ಶಾಲೆಯಲ್ಲಿ ಉಸುಕಿನ ಮೇಲೆ ಅಕ್ಷರ ತಿದ್ದುವ ಕಾಲಕ್ಕೆ ದಂಡನೆಯು ಪಾಠದಷ್ಟೇ ವಿಧವಿಧವಾಗಿತ್ತು. ಕಿವಿ ಹಿಂಡುವದು, ಬಗ್ಗಿಸಿ ನಿಲ್ಲಿಸುವದು, ಕೋದಂಡ ಏರಿಸುವದು ಮುಂತಾದವುಗಳ ವರ್ಣನೆಯನ್ನು ಅಜ್ಜಂದಿರ ಬಾಯಿಂದ ನಾವು ಕೇಳಿದ್ದೇವೆ. ಅವರು ನಗುನಗುತ್ತ, "ಅದರಿಂದಲೇ ನಾವು ಶಾಣ್ಯಾರಾದೆವು" ಎನ್ನುತ್ತಿದ್ದರು. ಆದರೆ ಇಲ್ಲಿ ಒಂದು ಲೆಕ್ಕ ತಪ್ಪುತ್ತದೆ. ಪೆಟ್ಟು ತಿಂದೂ ಶಾಲೆಯಲ್ಲಿ ಉಳಿದವರು ಮಾತ್ರ ಈ ಕಥೆಯನ್ನು ಹೇಳಲು ಬರುತ್ತಾರೆ. ಪೆಟ್ಟಿಗಂಜಿ ದನ ಕಾಯಲಿಕ್ಕೆ ಹೋದವನು, ಅವಮಾನಕ್ಕೆ ನಾಚಿ ಮನೆಯಲ್ಲಿ ಕುಳಿತವಳು ತಮ್ಮ ಕಥೆಯನ್ನು ಯಾರ ಮುಂದೆಯೂ ಹೇಳಲಿಲ್ಲ. ಛಡಿಯ ನಿಜವಾದ ಬೆಲೆಯನ್ನು ತೆತ್ತವರು ಅವರೇ.

ಈಗಂತೂ ಕಾಯದೆಯೇ ಈ ಬಾಗಿಲನ್ನು ಮುಚ್ಚಿದೆ. 2009ರ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕಿನ ಕಾಯದೆಯು 2010ನೆಯ ಎಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 17ನೆಯ ಕಲಮು ಮಗುವಿಗೆ ದೇಹದಂಡನೆಯನ್ನೂ ಮಾನಸಿಕ ಹಿಂಸೆಯನ್ನೂ ಕೊಡಕೂಡದೆಂದು ವಿಧಿಸುತ್ತದೆ. ಕೈಯೆತ್ತಿ ಹೊಡೆಯುವದಷ್ಟೇ ತಪ್ಪಲ್ಲ; ಜಾತಿಯನ್ನೆತ್ತಿ ಹಂಗಿಸುವದು, "ದಡ್ಡಿ" ಎಂದು ಎಲ್ಲರೆದುರಿಗೆ ಹೆಸರಿಡುವದು ಇವೂ ಮನಸ್ಸಿಗೆ ಕೊಡುವ ಹಿಂಸೆಗಳೇ. 16ನೆಯ ಕಲಮಿನಂತೆ ಎಂಟನೆಯ ಇಯತ್ತೆ ಮುಗಿಯುವ ವರೆಗೆ ಮಗುವನ್ನು ಶಾಲೆಯಿಂದ ಹೊರಗೆ ಹಾಕುವಂತೆಯೂ ಇಲ್ಲ. ಅಂದ ಮೇಲೆ ಹೊಡೆಯುವ ಹಾದಿಯೂ ಇಲ್ಲ, ಹೊರದೂಡುವ ಹಾದಿಯೂ ಇಲ್ಲ. ಉಳಿದದ್ದು ಒಂದೇ: ಮಗುವನ್ನು ತಿಳಿದುಕೊಂಡು ತಿದ್ದುವದು.

ತಿಳಿದುಕೊಳ್ಳಬೇಕಾದರೆ ಮೊದಲು ಮಗುವು ಯಾವ ಮನೆಯಿಂದ ಬರುತ್ತದೆಂಬುದನ್ನು ನೋಡಬೇಕು. ಇಂಡಿ, ಸಿಂದಗಿಗಳಲ್ಲಿ ಭೀಮಾ ತೀರದ ಊರುಗಳೂ, ಮಳೆಯನ್ನೇ ನಂಬಿದ ಒಣ ಹೊಲಗಳೂ ಇವೆ. ದೀಪಾವಳಿಯ ಹೊತ್ತಿಗೆ ಕಬ್ಬಿನ ಹಂಗಾಮು ಮೊದಲಾಗುತ್ತಲೆ ಮುಂಗಡ ಹಣ ಪಡೆದ ಕುಟುಂಬಗಳು ಕಬ್ಬು ಕಡಿಯಲಿಕ್ಕೆ ಮಹಾರಾಷ್ಟ್ರಕ್ಕೂ, ಬೇರೆ ಕೆಲವರು ಕಟ್ಟಡದ ಕೆಲಸಕ್ಕೆ ಗೋವೆಗೂ ಹೊರಡುತ್ತಾರೆ, ಮಕ್ಕಳೂ ಗಾಡಿಯನ್ನೇರುತ್ತಾರೆ. ತಾಂಡೆಗಳ ಮಕ್ಕಳು ಮನೆಯಲ್ಲಿ ಲಂಬಾಣಿಯನ್ನಾಡುತ್ತಾರೆ. ಗಡಿಯ ಕಡೆಗೆ ಮರಾಠಿ, ಪೇಟೆಗಳಲ್ಲಿ ಉರ್ದು. ಆಲಮಟ್ಟಿಯ ಆಣೆಕಟ್ಟಿನಿಂದ ಕೃಷ್ಣೆಯ ನೀರು ನಿಂತಾಗ ಬಾಗೇವಾಡಿಯ ಕಡೆಯ ಅನೇಕ ಕುಟುಂಬಗಳು ಹಳೆಯ ಊರುಗಳನ್ನು ತೊರೆದು ಪುನರ್ವಸತಿ ಕೇಂದ್ರಗಳಿಗೆ ಬಂದವು. ಒಂದೇ ಕೋಣೆಯಲ್ಲಿ ಇಷ್ಟು ಬಗೆಯ ಮಕ್ಕಳು ಕುಳಿತಿರುವಾಗ, ನಾವು "ಹಟ" ಎನ್ನುವದು ಅನೇಕ ವೇಳೆ ಹಸಿವೋ, ನಿದ್ರೆಗೇಡೋ, ಮಾತು ತಿಳಿಯದ ಕಂಗಾಲೋ ಆಗಿರುತ್ತದೆ.

ಆದುದರಿಂದ ಒಳ್ಳೆಯ ಶಾಲೆಯು ತಪ್ಪು ನಡೆದ ಮೇಲೆ ಎಚ್ಚರಾಗುವದಿಲ್ಲ. ತಪ್ಪು ಹುಟ್ಟದಂತೆ ಮೊದಲೇ ಏರ್ಪಾಡು ಮಾಡುತ್ತದೆ. ಈ ಏರ್ಪಾಡುಗಳಲ್ಲಿ ಮೊದಲನೆಯದು ದಿನಚರಿಯ ಕ್ರಮ. ಗಂಟೆ, ಪ್ರಾರ್ಥನೆ, ಹಾಜರಿ, ಪಾಠ, ಊಟ, ಆಟ ಇವು ದಿನಾಲು ಒಂದೇ ಸರದಿಯಲ್ಲಿ ಬಂದರೆ ಮಗುವಿಗೆ ಮುಂದೇನೆಂಬುದು ಗೊತ್ತಿರುತ್ತದೆ. ಗೊತ್ತಿದ್ದ ಮಗು ಶಾಂತವಾಗಿರುತ್ತದೆ. ನಿಯಮಗಳು ನಾಲ್ಕೈದೇ ಇರಲಿ; ಅವು "ಗದ್ದಲ ಮಾಡಬೇಡ" ಎಂಬಂತೆ ಬರಿಯ ನಿಷೇಧಗಳಾಗದೆ, "ಒಬ್ಬರು ಮಾತಾಡುವಾಗ ಉಳಿದವರು ಕೇಳೋಣ" ಎಂಬಂತೆ ಮಾಡಬೇಕಾದ್ದನ್ನು ಹೇಳಲಿ. ಮಕ್ಕಳೊಡನೆ ಕೂಡಿ ಮಾಡಿದ ನಿಯಮವನ್ನು ಮಕ್ಕಳೇ ಕಾಯುತ್ತಾರೆ.

ಎರಡನೆಯದು ಅನ್ನ. ಖಾಲಿ ಹೊಟ್ಟೆಗೆ ಶಿಸ್ತನ್ನು ಬೋಧಿಸುವದು ವ್ಯರ್ಥ. ಅಕ್ಷರ ದಾಸೋಹವೆಂಬ ಮಧ್ಯಾಹ್ನದ ಊಟವು 2002ರಲ್ಲಿ ರಾಜ್ಯದ ಏಳು ಜಿಲ್ಲೆಗಳಲ್ಲಿ ಮೊದಲಾದಾಗ ವಿಜಾಪುರವೂ ಅವುಗಳಲ್ಲೊಂದಾಗಿತ್ತು. 2013ರಿಂದ ಹಾಲು, 2021ರ ಡಿಸೆಂಬರಿನಿಂದ ಈ ಜಿಲ್ಲೆಯಲ್ಲಿ ತತ್ತಿ, ಅದನ್ನು ತಿನ್ನದವರಿಗೆ ಬಾಳೆಯ ಹಣ್ಣು ಸೇರಿದವು. ಊಟದ ಪಂಕ್ತಿಯು ನಡತೆಯ ಪಾಠಶಾಲೆಯೂ ಹೌದು. ಕೈ ತೊಳೆದುಕೊಳ್ಳುವದು, ಸರದಿಗೆ ನಿಲ್ಲುವದು, ಚಿಕ್ಕವರಿಗೆ ಮೊದಲು ಬಡಿಸುವದು, ಜಾತಿಯ ಎಣಿಕೆಯಿಲ್ಲದೆ ಒಂದೇ ಸಾಲಿನಲ್ಲಿ ಕುಳಿತು ಉಣ್ಣುವದು ಇವನ್ನು ಪುಸ್ತಕದಿಂದ ಕಲಿಸಲಾಗದು. ಬಸವಣ್ಣನವರು ಹುಟ್ಟಿದ ನೆಲದಲ್ಲಿ ಈ ಪಂಕ್ತಿಗೆ ಬೇರೆ ವ್ಯಾಖ್ಯಾನ ಬೇಕಿಲ್ಲ.

ಮೂರನೆಯದು ಕೈತುಂಬ ಕೆಲಸ. ಕೆಲಸವಿಲ್ಲದ ಮಗುವೇ ನೆರೆಯವನನ್ನು ಚಿವುಟುವದು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಮೊದಲಾದ 'ನಲಿ-ಕಲಿ' ಪದ್ಧತಿಯು 2009-10ರಿಂದ ರಾಜ್ಯದ ಸರಕಾರಿ ಕನ್ನಡ ಶಾಲೆಗಳ ಕೆಳಗಿನ ಇಯತ್ತೆಗಳಿಗೆ ಹಬ್ಬಿತು. ಅದರಲ್ಲಿ ಬೇರೆ ಬೇರೆ ಇಯತ್ತೆಯ ಮಕ್ಕಳು ತಟ್ಟೆಗಳೆಂಬ ಗುಂಪುಗಳಲ್ಲಿ ದುಂಡಗೆ ಕೂಡುತ್ತಾರೆ: ಒಂದು ಗುಂಪಿಗೆ ಶಿಕ್ಷಕಿಯ ಪೂರ್ಣ ಸಹಾಯ, ಇನ್ನೊಂದಕ್ಕೆ ಸ್ವಲ್ಪ ಸಹಾಯ, ಮತ್ತೆ ಕೆಲವು ಗುಂಪುಗಳಿಗೆ ಜೊತೆಯ ಮಕ್ಕಳದೇ ಸಹಾಯ, ಕೊನೆಯ ಗುಂಪಿನವರು ತಾವೇ ಕಲಿಯುತ್ತಾರೆ. ಪಾಠಗಳನ್ನು ಚಿಕ್ಕ ಚಿಕ್ಕ ಮೆಟ್ಟಲುಗಳಾಗಿ ಕಲಿಕೆಯ ಏಣಿಯಲ್ಲಿ ಜೋಡಿಸಿರುತ್ತಾರೆ. ಮೂರು ತಿಂಗಳು ಊರಲ್ಲಿಲ್ಲದ ಮಗು ಮರಳಿ ಬಂದರೆ ತಾನು ಬಿಟ್ಟ ಮೆಟ್ಟಲಿನಿಂದಲೇ ಮುಂದೆ ಏರಬಹುದು. ವಲಸೆಯ ಸೀಮೆಗೆ ಇದಕ್ಕಿಂತ ಹೆಚ್ಚಿನ ಉಪಕಾರ ಯಾವುದು? ಹಿಂದೆ ಬಿದ್ದೆನೆಂಬ ನಾಚಿಕೆಯು ಕಡಮೆಯಾದಷ್ಟೂ ತುಂಟತನವೂ ಕಡಮೆಯಾಗುವದು.

ನಾಲ್ಕನೆಯದು ಮಗುವಿನ ಹೆಸರು ಮತ್ತು ಮಾತು. ತಾಂಡೆಯಿಂದ ಹೊಸದಾಗಿ ಬಂದ ಮಗುವಿಗೆ ಅದರ ಮನೆಮಾತಿನಲ್ಲಿ "ನೀರು", "ಊಟ", "ಬಾ" ಎಂಬ ಮೂರು ಶಬ್ದಗಳನ್ನು ಶಿಕ್ಷಕಿಯು ಆಡಿದರೂ ಸಾಕು, ಅರ್ಧ ಅಂಜಿಕೆ ಹೋಗುತ್ತದೆ. ಗರತಿಯರ ಹಾಡುಗಳನ್ನು ಕೂಡಿಹಾಕಿ 1931ರಲ್ಲಿ ಪ್ರಕಟಿಸಿದ ಹಲಸಂಗಿಯ ಗೆಳೆಯರು ಇದೇ ಇಂಡಿಯ ಸೀಮೆಯವರು; ಅವರೊಡನಿದ್ದ ಚಡಚಣದ ಸಿಂಪಿ ಲಿಂಗಣ್ಣನವರು ಪ್ರಾಥಮಿಕ ಶಾಲೆಯ ಶಿಕ್ಷಕರಾಗಿ ದುಡಿದವರು. ಮನೆಯ ಮಾತು, ಬೀಸುವ ಕಲ್ಲಿನ ಹಾಡು ಇವು ಕೀಳಲ್ಲವೆಂಬುದನ್ನು ಅವರು ನಾಡಿಗೇ ಕಲಿಸಿದರು. ಆ ಗೌರವವು ತರಗತಿಗೂ ಸಲ್ಲಬೇಕು.

ಐದನೆಯದು ಹೊಣೆ. ಶಾಲಾ ಸಂಸತ್ತಿನಲ್ಲಿ ಮಕ್ಕಳೇ ನೀರಿನ, ಸ್ವಚ್ಛತೆಯ, ಆಟದ ಮಂತ್ರಿಗಳಾಗುತ್ತಾರೆ. ಇಲ್ಲಿ ಒಂದು ಎಚ್ಚರಿಕೆ ಬೇಕು. ಗದ್ದಲ ಮಾಡಿದವರ ಹೆಸರನ್ನು ಹಲಗೆಯ ಮೇಲೆ ಬರೆಯುವ ಕೆಲಸವನ್ನು ಮಕ್ಕಳಿಗೆ ಒಪ್ಪಿಸಿದರೆ ಹೊಣೆಯು ಚಾಡಿಯಾಗಿ ಮಾರ್ಪಡುತ್ತದೆ. ಕೈಗೆ ಸೇವೆಯನ್ನು ಕೊಡಬೇಕೇ ಹೊರತು ಅಧಿಕಾರವನ್ನಲ್ಲ.

ಇಷ್ಟೆಲ್ಲ ಮಾಡಿದರೂ ತಪ್ಪು ನಡೆದೇ ನಡೆಯುತ್ತದೆ, ಮಕ್ಕಳು ಮಕ್ಕಳೇ. ಆಗಿನ ಕ್ರಮ ಹೀಗಿರಲಿ. ಸಣ್ಣ ತಪ್ಪಿಗೆ ಒಂದು ನೋಟ, ಹತ್ತಿರ ಹೋಗಿ ನಿಲ್ಲುವದು, ಮೆಲ್ಲಗೆ ಹೆಸರು ಕರೆಯುವದು ಸಾಕು. ಅದಕ್ಕೆ ಮಣಿಯದಿದ್ದರೆ ಪಾಠ ಮುಗಿದ ಮೇಲೆ ಒಂದು ಕಡೆಗೆ ಕರೆದು, "ಏನಾಯಿತು?" ಎಂದು ಕೇಳಬೇಕು, "ಯಾಕೆ ಮಾಡಿದಿ?" ಎಂದು ಗದರಿಸಿದರೆ ಸುಳ್ಳು ಉತ್ತರವೇ ಬರುತ್ತದೆ. ಇಬ್ಬರು ಜಗಳವಾಡಿದ್ದರೆ ಇಬ್ಬರ ಮಾತನ್ನೂ ಪೂರ್ತಿ ಕೇಳಬೇಕು. ಮೂರನೆಯ ಹೆಜ್ಜೆ, ಕೆಡಿಸಿದ್ದನ್ನು ಸರಿಪಡಿಸುವದು: ಪಾಟಿ ಒಡೆದವನು ತನ್ನ ಪಾಟಿಯನ್ನು ಹಂಚಿಕೊಳ್ಳಲಿ, ನೀರು ಚೆಲ್ಲಿದವಳು ನೆಲ ಒರೆಸಲಿ. ಇದು ಸೇಡಲ್ಲ, ಪರಿಹಾರ. ತಪ್ಪು ಮರಳಿ ಮರಳಿ ನಡೆದರೆ ಮಾತ್ರ ಮುಖ್ಯಾಧ್ಯಾಪಕರೂ ಪಾಲಕರೂ ಕೂಡಿ ವಿಚಾರಿಸಬೇಕು. ಮರುದಿನ ಬೆಳಿಗ್ಗೆ ಮಾತ್ರ ಆ ಮಗುವನ್ನು ನಿನ್ನೆಯ ಲೆಕ್ಕವಿಲ್ಲದೆ ಒಳಗೆ ಕರೆದುಕೊಳ್ಳಬೇಕು.

ಒಂದು ದೃಷ್ಟಾಂತವನ್ನು ತೆಗೆದುಕೊಳ್ಳೋಣ. ಯುಗಾದಿಯ ಸುಮಾರಿಗೆ ಕಬ್ಬಿನ ಹಂಗಾಮದಿಂದ ಮರಳಿದ ಹತ್ತು ವರುಷದ ಹುಡುಗನು ತರಗತಿಯಲ್ಲಿ ಕೂಡಲೊಲ್ಲನು. ಕರೆದರೆ ಹೊರಗೆ ಓಡುತ್ತಾನೆ, ಪುಸ್ತಕ ತೆರೆಯೆಂದರೆ ಎಸೆಯುತ್ತಾನೆ. ಹೊರಗಿನಿಂದ ನೋಡುವವನಿಗೆ ಇವನು ಉದ್ಧಟ. ನಾಲ್ಕು ತಿಂಗಳು ನಸುಕಿನಲ್ಲೆದ್ದು ತಮ್ಮನನ್ನು ಕಾಯ್ದು, ಕಬ್ಬಿನ ತೊಂಡೆ ಹೊತ್ತು, ಗುಡಿಸಲಲ್ಲಿ ಮಲಗಿದವನಿಗೆ ಕಲಿತ ಅಕ್ಷರಗಳೇ ಮರೆತಿವೆ. ಓದಲು ಬಾರದೆಂಬುದು ಬಯಲಾಗುವದಕ್ಕಿಂತ ಉದ್ಧಟನೆನಿಸಿಕೊಳ್ಳುವದೇ ಅವನಿಗೆ ಲೇಸು. ಇವನಿಗೆ ಒಂದು ಪೆಟ್ಟು ಕೊಟ್ಟರೆ ಮುಂದಿನ ಹಂಗಾಮಕ್ಕೆ ಅವನು ಪೂರ್ತಿ ಕೂಲಿಯವನಾಗುತ್ತಾನೆ. ಗಿಡಗಳಿಗೆ ನೀರುಣಿಸುವ ಹೊಣೆಯನ್ನು ಕೊಟ್ಟು, ಜೊತೆಗೊಬ್ಬ ಗೆಳೆಯನನ್ನಿಟ್ಟು, ಮರೆತ ಮೆಟ್ಟಲಿನಿಂದ ಗುಟ್ಟಾಗಿ ಓದಿಸಿದರೆ ಅವನು ಉಳಿದಾನು. ಪಾಲಕರು ಹೋಗುವಾಗ ಮಕ್ಕಳನ್ನು ಊರಲ್ಲೇ ಉಳಿಸುವ ಋತುಮಾನದ ವಸತಿಶಾಲೆಗಳ ಉದ್ದೇಶವೂ ಇದೇ.

ಇನ್ನು, ಗದ್ದಲ ಮಾಡುವವರನ್ನು ಕುರಿತೇ ಎಲ್ಲರೂ ಮಾತಾಡುತ್ತಾರೆ; ಮೌನವಾಗಿರುವ ಬಾಲಿಕೆಯನ್ನು "ಬಹಳ ಒಳ್ಳೆಯವಳು" ಎಂದು ಬಿಟ್ಟುಬಿಡುತ್ತಾರೆ. ನಿನ್ನೆಯ ವರೆಗೆ ಆಡುತ್ತಿದ್ದವಳು ಇಂದು ಮೂಲೆ ಹಿಡಿದರೆ ಅದೂ ನಡತೆಯ ಬದಲಾವಣೆಯೇ. ಮನೆಯಲ್ಲಿ ಲಗ್ನದ ಮಾತು ನಡೆದಿರಬಹುದು. ಯಾರಾದರೂ ಹೇಳಬಾರದ ಹಿಂಸೆಯನ್ನು ಕೊಟ್ಟಿರಬಹುದು. 2006ರ ಕಾಯದೆಯು ಹದಿನೆಂಟು ತುಂಬದ ಹುಡುಗಿಯ ವಿವಾಹವನ್ನು ನಿಷೇಧಿಸಿದೆ. ಇಂಥ ಸಂಗತಿಗಳನ್ನು ಮುಚ್ಚಿಡದೆ ತಿಳಿಸಲಿಕ್ಕೆ ಮಕ್ಕಳ ಸಹಾಯವಾಣಿ 1098 ಇದೆ. ಆದರೆ ಹುಡುಗಿಯು ಮೊದಲು ಹೇಳುವದು ದೂರವಾಣಿಗಲ್ಲ, ತನ್ನನ್ನು ಎಂದೂ ಗದರಿಸದ ಅಕ್ಕೋರಿಗೆ. ಛಡಿಯನ್ನು ಕೆಳಗಿಡಲಿಕ್ಕೆ ಇದೊಂದೇ ಕಾರಣ ಸಾಕಾಗುತ್ತಿತ್ತು.

ಶಿಕ್ಷಕರ ಕಷ್ಟವನ್ನೂ ಮರೆಯಲಾಗದು. ಕೆಳಗಿನ ಇಯತ್ತೆಗಳಲ್ಲಿ ಮೂವತ್ತು ಮಕ್ಕಳಿಗೊಬ್ಬ ಶಿಕ್ಷಕರೆಂದು ಕಾಯದೆಯು ಹೇಳಿದರೂ ಎರಡು ಮೂರು ಇಯತ್ತೆಗಳನ್ನು ಒಬ್ಬರೇ ಸಂಭಾಳಿಸುವ ಪ್ರಸಂಗಗಳುಂಟು. ಅದರ ಮೇಲೆ ಹಾಲು, ಊಟ, ಗಣತಿ, ಕಾಗದಪತ್ರಗಳ ಕೆಲಸ. "ಛಡಿಯನ್ನು ಕಸಿದುಕೊಂಡಿರಿ, ಬದಲಿಗೆ ಏನು ಕೊಟ್ಟಿರಿ?" ಎಂಬ ಅವರ ಪ್ರಶ್ನೆಯು ನ್ಯಾಯವಾದದ್ದೇ. ಅದಕ್ಕೆ ಉತ್ತರ ಕೊಡುವದು ಸರಕಾರದ ಹೊಣೆಯೂ ಹೌದು, ಊರಿನ ಹೊಣೆಯೂ ಹೌದು.

ಇಲ್ಲಿಯೇ ಪಾಲಕರ ಪಾಲು ಬರುತ್ತದೆ. "ಹೊಡೆದಾದರೂ ಕಲಿಸಿರಿ" ಎಂದು ಹೇಳಿ ಮಗುವನ್ನು ಒಪ್ಪಿಸಿ ಹೋಗುವ ತಂದೆಯು ಪ್ರೀತಿಯಿಂದಲೇ ಹಾಗೆ ಹೇಳುತ್ತಾನೆ. ಆದರೆ ಮಗುವಿಗೆ ಕೇಳಿಸುವದು ತನ್ನ ಪಕ್ಷಕ್ಕೆ ಯಾರೂ ಇಲ್ಲವೆಂಬುದು. ಅದರ ಬದಲು "ಏನಾದರೂ ಆದರೆ ನನಗೆ ಹೇಳಿ ಕಳಿಸಿರಿ, ಬರುತ್ತೇನೆ" ಎನ್ನಲಿ. ರಾತ್ರಿ ಹೊತ್ತಿಗೆ ಸರಿಯಾಗಿ ಮಲಗಿಸುವದು, ದಿನಾಲು ಕಳಿಸುವದು, ಹತ್ತಿ ಬಿಡಿಸುವ ದಿನಗಳಲ್ಲಿ ಶಾಲೆ ತಪ್ಪಿಸದಿರುವದು, ಮನೆಯಲ್ಲಿ ಬೈಗಳಾಡದಿರುವದು ಇವು ಶಾಲೆಯ ಅರ್ಧ ಶಿಸ್ತನ್ನು ಮನೆಯಲ್ಲೇ ಮುಗಿಸುತ್ತವೆ. 2001ರಿಂದ ನಮ್ಮ ರಾಜ್ಯದ ಸರಕಾರಿ ಶಾಲೆಗಳಿಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. 2009ರ ಕಾಯದೆಯ ಪ್ರಕಾರ ಶಾಲೆಯ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರೂ, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಸ್ತ್ರೀಯರೂ ಇರತಕ್ಕದ್ದು. ಓದಿದ ಸ್ತ್ರೀಯರು ಆ ಸಭೆಗಳಲ್ಲಿ ರುಜು ಹಾಕಿ ಬರುವದಷ್ಟಕ್ಕೇ ನಿಲ್ಲಬಾರದು. "ಈ ತಿಂಗಳು ಯಾವ ಮಗು ಬರಲಿಲ್ಲ? ಏಕೆ ಬರಲಿಲ್ಲ?" ಎಂಬ ಎರಡು ಪ್ರಶ್ನೆಗಳನ್ನು ಪ್ರತಿ ಸಭೆಯಲ್ಲಿ ಕೇಳಿದರೂ ಸಾಕು.

ಸೋದರಿಯರೇ, ನಾವು ಕಲಿತ ಪಾಠಗಳಲ್ಲಿ ಎಷ್ಟೋ ಮರೆತುಹೋಗಿವೆ. ಆದರೆ ಯಾವ ಶಿಕ್ಷಕಿಯು ನಮ್ಮನ್ನು ನಾಲ್ವರೆದುರಿಗೆ ನಾಚಿಸಿದಳು, ಯಾವಳು ಬಳಿಗೆ ಕರೆದು ತಲೆ ಸವರಿದಳು ಎಂಬುದು ಇಂದಿಗೂ ನೆನಪಿದೆ. ನಮ್ಮ ಮಕ್ಕಳ ನೆನಪಿನಲ್ಲಿ ಯಾವುದು ಉಳಿಯಬೇಕೆಂಬುದು ಈಗ ನಮ್ಮ ಕೈಯಲ್ಲಿದೆ.