ಗೋಕಾಕ ಫಾಲ್ಸ್‌ನ ಕೆಂಪು ನೀರು ನಮಗೇನು ಹೇಳ್ತದೆ?

ಮಳೆಗಾಲ ಬಂತಂದ್ರೆ ಎಲ್ಲರ ಸ್ಟೇಟಸ್‌ನಲ್ಲೂ ಗೋಕಾಕ ಫಾಲ್ಸ್. ಘಟಪ್ರಭಾ ನದಿ ಸುಮಾರು 52 ಮೀಟರ್ ಎತ್ತರದಿಂದ ಕುದಿಯೋ ಚಹಾದ ಬಣ್ಣದಲ್ಲಿ ಧುಮುಕುವ ವಿಡಿಯೊ. ಚಂದ ಕಾಣ್ತದೆ, ನಿಜ. ಆದರೆ ನನಗೆ ಅದನ್ನು ನೋಡಿದಾಗೆಲ್ಲ ಕರುಳು ಚುರುಕ್ ಅನ್ನುತ್ತದೆ. ಯಾಕಂದ್ರೆ ಆ ಬಣ್ಣ ನೀರಿನದಲ್ಲ, ಮಣ್ಣಿನದು.

ಕೆಂಪು ಯಾಕೆ?

ಘಟಪ್ರಭಾ ಹುಟ್ಟೋದು ಪಶ್ಚಿಮ ಘಟ್ಟದಲ್ಲಿ. ಅಲ್ಲಿಯ ಜಂಬಿಟ್ಟಿಗೆ ಮಣ್ಣಿನಲ್ಲಿ ಕಬ್ಬಿಣದ ಅಂಶ ಹೆಚ್ಚು. ಅದು ಆಮ್ಲಜನಕದ ಜೊತೆ ಸೇರಿ ತುಕ್ಕಿನ ಬಣ್ಣ ಪಡೆದಿರುತ್ತದೆ. ಕೆಳಗೆ ಬಂದಂತೆ ಹೊಲಗಳ ಎರೆ ಮಣ್ಣೂ ಸೇರಿ ನೀರು ಕಂದು ಆಗುತ್ತದೆ. ನೀರು ಬಂಡೆಗೆ ಬಡಿದಾಗ ಗಾಳಿಯ ಗುಳ್ಳೆ ಸೇರುವುದರಿಂದ ನೊರೆ ಮಾತ್ರ ಬೆಳ್ಳಗೆ.

ಜಲಪಾತಕ್ಕಿಂತ ಮೇಲೆ ಹಿಡಕಲ್ ಜಲಾಶಯ ಇದೆ. ನಿಂತ ನೀರಲ್ಲಿ ಮರಳು, ದಪ್ಪ ಕಣ ತಳ ಸೇರುತ್ತವೆ. ಅತಿ ನುಣುಪಾದ ಜೇಡಿ ಕಣ ಬೇಗ ಕೂರುವುದಿಲ್ಲ, ಹರಿವಿನ ಜೊತೆ ಮುಂದೆ ಹೋಗುತ್ತದೆ. ನಾವು ದುಡ್ಡು ಕೊಟ್ಟು ಹಾಕಿದ ರಂಜಕ, ಗೊಬ್ಬರದ ಸಾರ ಅಂಟಿಕೊಂಡಿರೋದು ಇಂಥ ಕಣಕ್ಕೇ!

ಲೆಕ್ಕ ಹಾಕಿ ನೋಡಿ

ಒಂದು ಎಕರೆಯಲ್ಲಿ ಬರೀ 1 ಮಿಲಿಮೀಟರ್ ಮೇಲ್ಮಣ್ಣು ಹೋದರೆ ಸುಮಾರು 4 ಘನ ಮೀಟರ್, ಅಂದರೆ ಅಂದಾಜು 5 ಟನ್. ಕಣ್ಣಿಗೆ ಗೊತ್ತೇ ಆಗೋದಿಲ್ಲ.

ಏನು ಮಾಡಬೇಕು?

- ಇಳಿಜಾರಿಗೆ ಅಡ್ಡಲಾಗಿ ಉಳುಮೆ, ಬಿತ್ತನೆ ಮಾಡಿ. ಉದ್ದಕ್ಕೆ ಹೊಡೆದ ಸಾಲು ನೀರಿಗೆ ಕಾಲುವೆ ಇದ್ದಂಗೆ.
- ಮಳೆಗೆ ಮುಂಚೆ ಒಡ್ಡು ರಿಪೇರಿ ಮಾಡಿ, ಮೇಲೆ ಲಾವಂಚ ಅಥವಾ ಮೇವಿನ ಹುಲ್ಲು ಹಚ್ಚಿ.
- ಕಬ್ಬಿನ ರವದಿ ಸುಡಬೇಡಿ, ಸಾಲಿನ ನಡುವೆ ಹೊದಿಸಿ. ಮಳೆಹನಿ ನೇರವಾಗಿ ಮಣ್ಣಿಗೆ ಬಡಿಯೋದು ತಪ್ಪುತ್ತದೆ.
- ನೀರು ಹೊರಗೆ ಹೋಗುವ ಮೂಲೆಯಲ್ಲಿ ಕೃಷಿ ಹೊಂಡ ಇರಲಿ. ಕೂತ ಹೂಳನ್ನು ಬೇಸಿಗೆಯಲ್ಲಿ ತೆಗೆದು ಹೊಲಕ್ಕೇ ಹಾಕಿ.

ನಾನು ಪ್ರತಿ ವರ್ಷ ಮಾಡೋ ಪರೀಕ್ಷೆ ಇದು: ಜೋರು ಮಳೆ ನಿಂತ ಕೂಡಲೇ ಹೊಲದಿಂದ ಹೊರಗೆ ಹರಿಯೋ ನೀರನ್ನು ಬಾಟಲಿಗೆ ಹಿಡಿದು ಒಂದು ರಾತ್ರಿ ಇಡುತ್ತೇನೆ. ಬೆಳಿಗ್ಗೆ ತಳದಲ್ಲಿ ಎಷ್ಟು ಮಣ್ಣು ಕೂತಿದೆ ಅಂತ ಫೋಟೊ ತೆಗೆದು, ಹೋದ ವರ್ಷದ್ದಕ್ಕೆ ಹೋಲಿಸುತ್ತೇನೆ. ಈ ಸಲ ಫಾಲ್ಸ್ ಫೋಟೊ ಜೊತೆ ನಿಮ್ಮ ಹೊಲದ ಬಾಟಲಿಯದೂ ಒಂದು ತೆಗೆದಿಡಿ.