ಬಂದೂಕಿನ ಅಂಗಡಿ ಮತ್ತು ಡಿಸಿ ಸಹಿ

ಮಾಂಸದಂಗಡಿ ಎಲ್ಲಿರಬೇಕು ಎಂಬುದನ್ನು ರಾಯಚೂರು ಜಿಲ್ಲೆಯ ಮಸ್ಕಿ ಪುರಸಭೆ ಗೊತ್ತುಮಾಡಬಹುದು. ಬಂದೂಕು ಯಾರಿಗೆ ಮಾರಬೇಕು ಎಂದು ಹೇಳುವ ಅಧಿಕಾರ ಅದಕ್ಕಿಲ್ಲ. ಸಂವಿಧಾನದಲ್ಲಿ ಆಯುಧಗಳು ಕೇಂದ್ರ ಪಟ್ಟಿಗೆ ಸೇರಿದ ವಿಷಯ. 1959ರ ಆಯುಧ ಕಾಯ್ದೆ ಸಿಂಧನೂರಿಗೂ ದಿಲ್ಲಿಗೂ ಒಂದೇ. ಅಮೆರಿಕದ ಕಥೆ ಬೇರೆ. ಶಿಕಾಗೊ ನಗರ 1982ರಲ್ಲಿ ಕೈಬಂದೂಕುಗಳ ಹೊಸ ನೋಂದಣಿಯನ್ನೇ ನಿಲ್ಲಿಸಿತು. ಊರ ಗಡಿ ದಾಟಿದರೆ ಸಾಕು, ಉಪನಗರಗಳ ಅಂಗಡಿಗಳಲ್ಲಿ ವ್ಯಾಪಾರ ನಡೆದೇ ಇತ್ತು. 2010ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪಿನಿಂದ ಆ ನಿಷೇಧವೂ ಬಿದ್ದುಹೋಯಿತು.

ಹಾಗಾದರೆ ನಮ್ಮಲ್ಲಿ ಸ್ಥಳೀಯ ಕಟ್ಟಳೆಯೇ ಇಲ್ಲವೇ? ಇದೆ. ಅದು ಡಿಸಿ ಕಚೇರಿಯಲ್ಲಿದೆ.

ಲೈಸೆನ್ಸ್ ಕೊಡುವವರು ಜಿಲ್ಲಾ ದಂಡಾಧಿಕಾರಿ, ಅಂದರೆ ಜಿಲ್ಲಾಧಿಕಾರಿ. ಪೊಲೀಸ್ ವರದಿ ಬರಬೇಕು, ಆಮೇಲೆ ಸಹಿ. ಗಿರಾಕಿ ಅಂಗಡಿ ಮೆಟ್ಟಿಲು ಹತ್ತುವ ಹೊತ್ತಿಗೆ ತೀರ್ಮಾನ ಬಹುಪಾಲು ಆಗಿಹೋಗಿರುತ್ತದೆ. ಅಂಗಡಿಯವರು ನೋಡುವುದು ಲೈಸೆನ್ಸ್ ಪುಸ್ತಕವನ್ನು: ಅವಧಿ ಇದೆಯೇ, ಯಾವ ಬಗೆಯ ಬಂದೂಕಿಗೆ, ಎಷ್ಟು ತೋಟಾಕ್ಕೆ, ಜಿಲ್ಲೆಗಷ್ಟೇ ಸಲ್ಲುತ್ತದೋ ರಾಜ್ಯಕ್ಕೋ ದೇಶಕ್ಕೋ. ಮಾರಿದ್ದನ್ನು ಗಿರಾಕಿಯ ಪುಸ್ತಕದಲ್ಲೂ ತಮ್ಮ ರಿಜಿಸ್ಟರಿನಲ್ಲೂ ಬರೆಯಬೇಕು. ಇಪ್ಪತ್ತೊಂದು ತುಂಬದವರಿಗೆ ಮಾರುವಂತಿಲ್ಲ. 2019ರ ತಿದ್ದುಪಡಿ ಒಬ್ಬರ ಬಳಿ ಇರಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಅಂಗಡಿಯವರಿಗೆ ನಿಜವಾಗಿ ಉಳಿದ ಸ್ವಾತಂತ್ರ್ಯ ಒಂದೇ: ಅನುಮಾನ ಬಂದರೆ ‘ಇಲ್ಲ’ ಎನ್ನುವುದು. ತಪ್ಪಿ ಮಾರಿದರೆ ಹೋಗುವುದು ಅವರದೇ ಲೈಸೆನ್ಸ್ ಆದ್ದರಿಂದ ಈ ಸ್ವಾತಂತ್ರ್ಯವನ್ನು ಬಳಸದವರು ದಡ್ಡರೇ ಸರಿ.

ಈ ಸೀಮೆಯಲ್ಲಿ ಬಂದೂಕಿನ ಮಾತು ಬಂದರೆ ಬೆನ್ನಿಗೇ ಬೆಳೆಗೆ ನುಗ್ಗುವ ಕಾಡುಹಂದಿಯ ಮಾತು ಬರುತ್ತದೆ. ಸಿಂಧನೂರಿನ ಕಾಲುವೆಯ ಕೆಳಗೆ ಭತ್ತ. ಲಿಂಗಸುಗೂರು, ಮಸ್ಕಿಯ ಒಣಭೂಮಿಯಲ್ಲಿ ಸಜ್ಜೆ, ತೊಗರಿ, ಶೇಂಗಾ. ಬೆಳೆ ಕಾಯಲು ನಳಿಗೆಯ ಬಾಯಿಂದ ಮದ್ದು ತುಂಬುವ ಬಂದೂಕು ಕೇಳಿದ ರೈತರ ಅರ್ಜಿಯನ್ನು ಕಾಯ್ದೆಯ 13ನೇ ಕಲಮು ಅನುಕೂಲವಾಗಿಯೇ ಕಾಣುತ್ತದೆ. ಆದರೆ ಬೆಳೆ ರಕ್ಷಣೆಯ ಲೈಸೆನ್ಸ್ ಹಂದಿ ಹೊಡೆಯುವ ಪರವಾನಗಿ ಅಲ್ಲ. ಕಾಡುಹಂದಿಗೆ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಕೊಲ್ಲಲು ಅರಣ್ಯ ಇಲಾಖೆಯ ಅನುಮತಿಯೇ ಬೇಕು. ಇಷ್ಟನ್ನು ಬಾಯಿಬಿಟ್ಟು ಹೇಳಿ ಮದ್ದು ಕೊಡುವ ಅಂಗಡಿಯವರು ಅರ್ಧ ಕೇಸು ತಪ್ಪಿಸಿದಂತೆ.

ವ್ಯಾಪಾರಕ್ಕೆ ನಿಜವಾದ ಪೆಟ್ಟು ಬೀಳುವುದು ಚುನಾವಣೆಯಲ್ಲಿ. ನೀತಿಸಂಹಿತೆ ಜಾರಿಯಾದೊಡನೆ ಬಂದೂಕುಗಳನ್ನು ಠಾಣೆಗೆ ಒಪ್ಪಿಸುವ ಆದೇಶಗಳು ಹೊರಡುತ್ತವೆ. ಮನೆಯಲ್ಲಿ ಬಂದೂಕೇ ಇಲ್ಲದವರು ತೋಟಾ ಕೊಳ್ಳುವುದು ಯಾಕೆ? ಮಸ್ಕಿಯವರಿಗೆ ಇದು 2021ರ ಏಪ್ರಿಲ್ 17ರ ಉಪಚುನಾವಣೆ, 2023ರ ಮೇ ತಿಂಗಳ ವಿಧಾನಸಭೆ, 2024ರ ಲೋಕಸಭೆ ಎಂದು ಸಾಲಾಗಿ ಬಂತು. ಸಿಂಧನೂರು, ಮಸ್ಕಿ ಕೊಪ್ಪಳ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ, ಲಿಂಗಸುಗೂರು ರಾಯಚೂರು ಕ್ಷೇತ್ರಕ್ಕೆ; ಬಂದೂಕಿನ ಲೆಕ್ಕಕ್ಕೆ ಮಾತ್ರ ಮೂರಕ್ಕೂ ರಾಯಚೂರಿನ ಡಿಸಿಯೇ. 2024ರಲ್ಲಿ ಮಾರ್ಚ್ 16ಕ್ಕೆ ದಿನಾಂಕ ಘೋಷಣೆ, ಜೂನ್ 4ಕ್ಕೆ ಎಣಿಕೆ. ಹತ್ತಿರ ಹತ್ತಿರ ಎಂಬತ್ತು ದಿನ.

ಎಲ್ಲರ ಬಂದೂಕನ್ನೂ ಸಾರಾಸಗಟಾಗಿ ಕಸಿಯಬೇಕು ಎಂದು ಚುನಾವಣಾ ಆಯೋಗ ಹೇಳಿಲ್ಲ. ಜಾಮೀನಿನ ಮೇಲಿರುವವರು, ಅಪರಾಧದ ಹಿನ್ನೆಲೆಯವರು, ಹಿಂದೆ ಗಲಭೆಯಲ್ಲಿ ಸಿಕ್ಕವರು ಇವರನ್ನು ಜಿಲ್ಲೆಯ ಪರಿಶೀಲನಾ ಸಮಿತಿ ಗುರುತಿಸಬೇಕು ಎಂಬುದು ಅದರ ಸೂಚನೆ. ಒಬ್ಬೊಬ್ಬರನ್ನು ನೋಡುವ ಬದಲು ಎಲ್ಲರಿಗೂ ಒಂದೇ ಆದೇಶ ಹೊರಡಿಸುವುದು ಕಚೇರಿಗೆ ಸುಲಭ, ಹೊಲದಲ್ಲಿ ರಾತ್ರಿ ಕಾಯುವವರಿಗೆ ಅನ್ಯಾಯ.

ಲೈಸೆನ್ಸ್ ಇರುವ ಓದುಗರಲ್ಲಿ ಒಂದು ವಿನಂತಿ. ಬಂದೂಕು ಠಾಣೆಗೆ ಒಪ್ಪಿಸುವಾಗ ಅದರ ನಂಬರು ಬರೆದ ರಸೀದಿಯನ್ನು ಕೇಳಿ ಪಡೆಯಿರಿ. ಲೈಸೆನ್ಸಿನ ಅರ್ಜಿ ತಿರಸ್ಕಾರವಾದರೆ ಕಾರಣವನ್ನು ಬರಹದಲ್ಲಿ ಕೇಳಿ. ಆಯುಧ ಕಾಯ್ದೆಯ 18ನೇ ಕಲಮಿನಡಿ ಮೇಲ್ಮನವಿಗೆ ಅವಕಾಶವಿದೆ.