ನೆಚ್ಚಬಹುದಾದ ಎಂಜಿನ್

ಅಮೆರಿಕದ ದಕ್ಷಿಣ ಕೆರೊಲಿನಾ ಸಂಸ್ಥಾನದಲ್ಲಿ ವುಡ್ರಫ್ ಎಂಬ ಊರಿನ ಬಳಿ, ಟ್ರಿಪಲ್ ಟ್ರೀ ಎಂಬ ವಿಶಾಲವಾದ ಹುಲ್ಲಿನ ವಿಮಾನಾಂಗಣದಲ್ಲಿ, ವರ್ಷವರ್ಷವೂ ಮೇ ತಿಂಗಳಿನಲ್ಲಿ ಸೇರುವ ಜೋ ನಾಲ್ ಮೇಳಕ್ಕೆ ಬರುವ ಮಾದರಿ ವಿಮಾನಗಳನ್ನು ಆಟಿಕೆಗಳೆಂದು ಕರೆಯಲು ನಾಲಿಗೆ ಏಳುವುದಿಲ್ಲ. ಒಂಟಿ ರೆಕ್ಕೆಯ ಮಾದರಿಯಾದರೆ ರೆಕ್ಕೆಯ ತುದಿಯಿಂದ ತುದಿಗೆ ಕನಿಷ್ಠ 80 ಅಂಗುಲ, ಜೋಡಿ ರೆಕ್ಕೆಯದಾದರೆ ಕನಿಷ್ಠ 60 ಅಂಗುಲ ಇದ್ದರೆ ‘ದೊಡ್ಡ ಮಾದರಿ’ ಎಂಬ ಪಂಕ್ತಿಗೆ ಸೇರಿಸುವ ಸಂಪ್ರದಾಯ ಅಲ್ಲಿ ಉಂಟು. ಇಂತಹ ವಿಮಾನವೊಂದನ್ನು ಆಕಾಶಕ್ಕೆ ಎತ್ತುವ ಎಂಜಿನ್ನು 50 ಘನ ಸೆಂಟಿಮೀಟರಿನಿಂದ 100, 150ರವರೆಗೂ ಇರುವುದುಂಟು, ಅಂದರೆ ನಮ್ಮ ಬೀದಿಗಳ ಮೋಟಾರ್ ಸೈಕಲ್ಲಿನದಕ್ಕೆ ಸಮನಾದುದು. ತಿಂಗಳುಗಟ್ಟಲೆ ದುಡಿದು ಕಟ್ಟಿದ ಈ ಕೃತಿ, ನಿಯಂತ್ರಕನಿಂದ ಬಹುದೂರದಲ್ಲಿ, ಮರಗಳ ಮೇಲೆ ತಲೆಕೆಳಗಾಗಿ ಹಾರುತ್ತಿರುವಾಗ ಎಂಜಿನ್ನು ಹಠಾತ್ತಾಗಿ ಮೌನವಾಯಿತೆಂದರೆ ಆ ಶ್ರಮವೆಲ್ಲ ಕೆಲವೇ ಕ್ಷಣಗಳಲ್ಲಿ ಮಣ್ಣುಗೂಡಬಹುದಾದುದರಿಂದ, ಈ ಕಲೆಯಲ್ಲಿ ವೇಗಕ್ಕಿಂತಲೂ ಬಲಕ್ಕಿಂತಲೂ ಮಿಗಿಲಾದ ಗುಣವೆಂದರೆ ನೆಚ್ಚಿಕೆ.

ಪೆಟ್ರೋಲಿಗೂ ಮಾದರಿ ವಿಮಾನಕ್ಕೂ ಇರುವ ನಂಟು ಹಳೆಯದು. 1930ರ ದಶಕದ ಆದಿಯಲ್ಲಿ ಫಿಲಡೆಲ್ಫಿಯಾದ ತರುಣ ವಿಲಿಯಂ ಬ್ರೌನ್ ರೂಪಿಸಿದ ಸಣ್ಣ ಎಂಜಿನ್ನನ್ನು ತನ್ನ ಮಾದರಿಗೆ ಜೋಡಿಸಿದ ಮ್ಯಾಕ್ಸ್‌ವೆಲ್ ಬ್ಯಾಸೆಟ್, 1933ರ ರಾಷ್ಟ್ರೀಯ ಸ್ಪರ್ಧೆಯಲ್ಲಿ ರಬ್ಬರ್ ಎಳೆಗಳ ಬಲದಿಂದ ಹಾರುವ ಮಾದರಿಗಳನ್ನೆಲ್ಲ ಹಿಂದಿಕ್ಕಿದನು. 1937ರಲ್ಲಿ ಮಿಷಿಗನ್ನಿನ ಗುಡ್ ಸೋದರರು ಪೆಟ್ರೋಲ್ ಎಂಜಿನ್ನಿನ ‘ಗಫ್’ ಎಂಬ ಮಾದರಿಯನ್ನು ರೇಡಿಯೋ ತರಂಗದಿಂದ ನಡೆಸಿ ತೋರಿಸಿದರು. ಆ ವಿಮಾನ ಈಗ ಸ್ಮಿತ್ಸೋನಿಯನ್ ಸಂಗ್ರಹಾಲಯದಲ್ಲಿದೆ. ಆದರೆ 1947ರಲ್ಲಿ ರೇ ಆರ್ಡನ್ ಗ್ಲೋ ಪ್ಲಗ್ಗನ್ನು ಮಾರುಕಟ್ಟೆಗೆ ತಂದಮೇಲೆ ಕಿಡಿಯ ಸುರುಳಿಯನ್ನೂ ಬ್ಯಾಟರಿಯನ್ನೂ ಹೊರುವ ಭಾರ ತಪ್ಪಿದುದರಿಂದ, ಮಿಥೆನಾಲ್ ಕುಡಿಯುವ ಎಂಜಿನ್ನುಗಳು ಬಂದು ಪೆಟ್ರೋಲು ಬಹುಕಾಲ ಹಿಂದೆ ಸರಿಯಿತು. ಮಾದರಿಗಳು ಗಾತ್ರದಲ್ಲಿ ಬೆಳೆದು ಮಿಥೆನಾಲಿನ ವೆಚ್ಚ ಹೊರಲಾರದಷ್ಟಾದಾಗ ಪೆಟ್ರೋಲು ಮರಳಿ ಬಂದಿತು. ಬಂದುದು ಮರ ಕೊಯ್ಯುವ ಮತ್ತು ಕಳೆ ಕತ್ತರಿಸುವ ಯಂತ್ರಗಳ ಮನೆಯಿಂದ. ಜಪಾನಿನ ಜೆನೋವಾ ಮೊದಲಾದವರ ಎಂಜಿನ್ನುಗಳು ಹೀಗೆ ತೋಟದಿಂದ ಆಕಾಶಕ್ಕೆ ಏರಿದವು. ನಮ್ಮ ಮಲೆನಾಡಿನ ಅಡಿಕೆ ತೋಟದಲ್ಲಿ ವೀಡ್ ಕಟರ್ ಹೆಗಲಿಗೇರಿಸಿ ದುಡಿಯುವವರ ಕೈಯಲ್ಲಿ ಗುಡುಗುವ ಎರಡು ಸ್ಟ್ರೋಕಿನ ಎಂಜಿನ್ನೂ ಇದೇ ಕುಲದ್ದು.

ಈ ಮೂಲವನ್ನು ಅರಿಯದೆ ದೊಡ್ಡ ಮಾದರಿಯ ಎಂಜಿನ್ನು ಏಕೆ ಮುನಿಯುತ್ತದೆಂಬುದನ್ನು ಅರಿಯಲಾಗದು. ತೋಟದ ಯಂತ್ರವನ್ನು ಹೇಗೆ ಓರೆಮಾಡಿದರೂ ನಡೆಯುವಂತೆ ಮಾಡಿರುವುದು ಅದರ ಕಾರ್ಬ್ಯುರೇಟರಿನ ಎರಡು ತೆಳುವಾದ ಡಯಾಫ್ರಮ್ಮುಗಳು. ಮೊದಲನೆಯದು ಕ್ರ್ಯಾಂಕ್ ಕೇಸಿನ ಒತ್ತಡದ ಏರಿಳಿತದಿಂದಲೇ ಮಿಡಿಯುತ್ತ ಟ್ಯಾಂಕಿನಿಂದ ಇಂಧನವನ್ನು ಎಳೆದುಕೊಡುತ್ತದೆ. ಎರಡನೆಯದರ ಒಂದು ಬದಿಗೆ ಇಂಧನ, ಇನ್ನೊಂದು ಬದಿಗೆ, ಮುಚ್ಚಳದ ಸಣ್ಣ ರಂಧ್ರದ ಮೂಲಕ, ಹೊರಗಿನ ಗಾಳಿ. ಎಂಜಿನ್ನು ಹೀರಿದಷ್ಟೂ ಈ ಪೊರೆ ಒಳಬಾಗಿ, ಪುಟ್ಟ ಸನ್ನೆಯೊಂದನ್ನು ಒತ್ತಿ, ಸೂಜಿಯನ್ನು ಮೇಲೆತ್ತಿ, ಬೇಕಾದಷ್ಟೇ ಇಂಧನವನ್ನು ಬಿಡುತ್ತದೆ. ತಲೆಕೆಳಗಾಗಿ ಹಾರುವ ವಿಮಾನಕ್ಕೆ ಇದಕ್ಕಿಂತ ಯೋಗ್ಯವಾದ ವ್ಯವಸ್ಥೆ ಬೇರೆಯಿಲ್ಲವೆಂದೇ ತೋರುತ್ತದೆ. ಆದರೆ ಆ ರಂಧ್ರ ಶಾಂತವಾದ ಗಾಳಿಯನ್ನು ನಂಬಿ ಮಾಡಿದ್ದು. ತೋಟದಲ್ಲಿ ಯಂತ್ರದ ಸುತ್ತಲಿನ ಗಾಳಿ ಶಾಂತವಾಗಿರುತ್ತದೆ. ವಿಮಾನದ ಮೂಗಿನ ಕವಚದೊಳಗೆ, ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ನುಗ್ಗುವ ಪ್ರವಾಹದಲ್ಲಿ, ಅದು ಶಾಂತವಾಗಿರಲಾರದು. ಅಲ್ಲಿ ಒತ್ತಡ ಹೆಚ್ಚಿದರೆ ಪೊರೆ ಅಕಾಲದಲ್ಲಿ ಬಾಗಿ ಇಂಧನ ಅತಿಯಾಗುತ್ತದೆ, ಕಡಿಮೆಯಾದರೆ ಇಂಧನ ಸಾಲದೆ ಎಂಜಿನ್ನು ಬಿಸಿಯೇರಿ ನಿಲ್ಲುತ್ತದೆ. ನೆಲದ ಮೇಲೆ ನಿಂತಾಗ ಸೊಗಸಾಗಿ ಹಾಡಿದ ಎಂಜಿನ್ನು ಆಕಾಶದಲ್ಲಿ ತೊದಲುವುದಕ್ಕೂ, ಇಳಿದ ಬಳಿಕ ಪರೀಕ್ಷಿಸಿದರೆ ದೋಷವೇ ಕಾಣದಿರುವುದಕ್ಕೂ ಬಹುಮಟ್ಟಿಗೆ ಇದೇ ಕಾರಣ. ಪರಿಹಾರವೂ ಸರಳವೇ: ಮುಚ್ಚಳಕ್ಕೆ ಚಿಕ್ಕ ಹಿತ್ತಾಳೆಯ ನಳಿಗೆಯೊಂದನ್ನು ಬೆಸುಗೆ ಹಾಕಿ, ಅದರಿಂದ ರಬ್ಬರ್ ಕೊಳವೆಯನ್ನು ವಿಮಾನದ ಒಡಲೊಳಗೆ, ಗಾಳಿ ನಿಶ್ಚಲವಾಗಿರುವೆಡೆಗೆ ಒಯ್ಯುವುದು. ಈ ಕಿರುಕೊಳವೆಯಷ್ಟು ಅಲ್ಪವ್ಯಯದಲ್ಲಿ ಇಷ್ಟು ವಿಮಾನಗಳನ್ನು ಉಳಿಸಬಲ್ಲ ಉಪಾಯ ಈ ವಿದ್ಯೆಯಲ್ಲಿ ಮತ್ತೊಂದಿಲ್ಲವೆಂದು ನನ್ನ ದೃಢವಾದ ಅಭಿಪ್ರಾಯ.

ಮಿಕ್ಕ ಕಾರಣಗಳೂ ಬಹುಪಾಲು ಸಿಲಿಂಡರಿನ ಹೊರಗೇ ಇರುವುವು. ಒಂಟಿ ಸಿಲಿಂಡರಿನ ಎಂಜಿನ್ನಿನ ನಡುಕಕ್ಕೆ ಕಾರ್ಬ್ಯುರೇಟರಿನ ಬೋಲ್ಟುಗಳು ಕೂದಲೆಳೆಯಷ್ಟು ಸಡಿಲಗೊಂಡರೂ ಸಾಕು, ಅಲ್ಲಿಂದ ಕಳ್ಳಗಾಳಿ ನುಸುಳಿ ಮಿಶ್ರಣವನ್ನು ಕೆಡಿಸುತ್ತದೆ; ಆಗ ಮಿಶ್ರಣ ಹೊಂದಿಸುವ ಸೂಜಿಯನ್ನು ಎಷ್ಟು ಸಲ ತಿರುಗಿಸಿದರೂ ವ್ಯರ್ಥ. ಕಾರ್ಬ್ಯುರೇಟರಿನೊಳಗಿನ ಸಣ್ಣ ಜಾಲರಿಯಲ್ಲಿ ಟ್ಯಾಂಕು ಕೊರೆದಾಗ ಉಳಿದ ಪ್ಲಾಸ್ಟಿಕ್ ಚೂರು ಸಿಕ್ಕಿಕೊಳ್ಳುವುದು, ಟ್ಯಾಂಕಿನೊಳಗಿನ ಕೊಳವೆ ಬಿರುಸಾಗಿ ಬಿರುಕುಬಿಡುವುದು, ಇವೂ ಸಾಮಾನ್ಯ. ನಮ್ಮ ದೇಶದ ಬಂಕುಗಳಲ್ಲಿ ಈಗ ದೊರೆಯುವ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್ ಬೆರೆತಿರುವುದನ್ನು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇಂತಹ ಮಾದರಿಯನ್ನು ಹಾರಿಸುವವರು ನೆನಪಿಡಬೇಕು: ಎಥೆನಾಲು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಕಾಲಕ್ರಮದಲ್ಲಿ ಪೊರೆಗಳ ಮೃದುತ್ವವನ್ನೂ ಅಪಹರಿಸುತ್ತದೆ. ವಾರಗಟ್ಟಲೆ ಹಾರಿಸದಿರುವುದಾದರೆ ಟ್ಯಾಂಕನ್ನು ಬರಿದುಮಾಡಿ, ಕಾರ್ಬ್ಯುರೇಟರಿನಲ್ಲಿ ಉಳಿದುದನ್ನೂ ಎಂಜಿನ್ನು ನಡೆಸಿ ಮುಗಿಸಿಬಿಡುವುದು ಕ್ಷೇಮ.

ಕಿಡಿಯ ವಿಷಯವೂ ಅಲಕ್ಷ್ಯಕ್ಕೆ ತಕ್ಕುದಲ್ಲ. ಪ್ರೊಪೆಲ್ಲರಿನ ಗುಬ್ಬಿಯಲ್ಲಿ ಹುದುಗಿಸಿದ ಪುಟ್ಟ ಅಯಸ್ಕಾಂತ ಹಾದುಹೋದಾಗಲೆಲ್ಲ ಸೆನ್ಸರೊಂದು ಇಗ್ನಿಷನ್ ಪೆಟ್ಟಿಗೆಗೆ ಸೂಚನೆ ಕೊಡುತ್ತದೆ. ಪ್ಲಗ್ಗಿನ ಟೋಪಿ ಪೂರ್ಣವಾಗಿ ಕೂರದಿದ್ದರೆ ಕಿಡಿ ತಪ್ಪುವುದಷ್ಟೇ ಅಲ್ಲದೆ, ಆ ಸಂದಿಯಿಂದ ಹೊಮ್ಮುವ ವಿದ್ಯುತ್ ಗದ್ದಲ ರೇಡಿಯೋ ಗ್ರಾಹಕವನ್ನೇ ದಿಕ್ಕುಗೆಡಿಸಬಲ್ಲದು. ನಿಯಂತ್ರಣದ ರೇಡಿಯೋ 72 ಮೆಗಾಹರ್ಟ್ಸಿನಲ್ಲಿದ್ದ ಕಾಲದಲ್ಲಿ ಈ ತೊಂದರೆ ಬಹಳವಿದ್ದಿತು, 2.4 ಗಿಗಾಹರ್ಟ್ಸ್ ಬಂದಮೇಲೆ ತಗ್ಗಿದೆಯಾದರೂ ಇಲ್ಲವಾಗಿಲ್ಲ. ಅದರಿಂದಲೇ ಇಗ್ನಿಷನ್ನಿಗೆ ಪ್ರತ್ಯೇಕ ಬ್ಯಾಟರಿ, ಗ್ರಾಹಕದಿಂದ ದೂರವಾದ ಸ್ಥಾನ; ಜೊತೆಗೆ, ಹೊರಗಿನಿಂದ ಕೈಗೆಟಕುವ ಸ್ವಿಚ್ಚೂ ಇರಬೇಕು. ಮಿಕ್ಕುದು ತಂಪು: ಕವಚದೊಳಗೆ ಬರುವ ಗಾಳಿ ಸಿಲಿಂಡರಿನ ರೆಕ್ಕೆಗಳ ನಡುವೆಯೇ ಹಾಯುವಂತೆ ಪಟ್ಟಿಗಳನ್ನಿರಿಸಿ, ಹೊರಹೋಗುವ ದಾರಿಯನ್ನು ಒಳಬರುವುದಕ್ಕಿಂತ ಎರಡು ಮೂರು ಪಟ್ಟು ಹಿರಿದಾಗಿ ಬಿಡದಿದ್ದರೆ, ಎಷ್ಟು ಉತ್ತಮವಾದ ಎಂಜಿನ್ನೂ ಬೇಸಗೆಯ ಮಧ್ಯಾಹ್ನ ಸೋಲುತ್ತದೆ.

ಆದುದರಿಂದ ಹೊಸದಾಗಿ ಈ ಕಲೆಗೆ ಇಳಿಯುವವರಲ್ಲಿ ನನ್ನ ವಿಜ್ಞಾಪನೆ ಇಷ್ಟೇ: ಎಂಜಿನ್ನು ಕೈಕೊಟ್ಟಿತೆಂದು ಅದರ ಒಡಲನ್ನು ಬಿಚ್ಚುವ ಮುನ್ನ ಟ್ಯಾಂಕು, ಕೊಳವೆ, ಜಾಲರಿ, ಬೋಲ್ಟು, ಬ್ಯಾಟರಿ, ಪ್ಲಗ್ಗಿನ ಟೋಪಿ, ಇವನ್ನು ಇದೇ ಕ್ರಮದಲ್ಲಿ ನೋಡಿರಿ, ಮತ್ತು ದೋಷದ ಮೂಲ ಕೈಗೆ ಸಿಗುವವರೆಗೆ ಆ ವಿಮಾನವನ್ನು ಹಾರಿಸಬೇಡಿರಿ; ಜನರ ತಲೆಯ ಮೇಲಂತೂ ಎಂದಿಗೂ ಹಾರಿಸಬೇಡಿರಿ.